ಟ್ರಿಮ್ ಕೈಕೊಟ್ಟಾಗ ಯಾವ ರಿಮೋಟ್: ಫ್ಲೈಸ್ಕೈ ಐ6 ಅಥವಾ ಬಾಕ್ಸರ್?

ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ ಒಂದೇ, ಅದರೊಳಗಿನ ರಿಸೀವರ್ ಒಂದೇ, ರಿಮೋಟ್ ಎರಡು. ರೇಡಿಯೋಮಾಸ್ಟರ್ ಬಾಕ್ಸರ್‌ನ ಫೋರ್-ಇನ್-ಒನ್ ಮಾದರಿ ಫ್ಲೈಸ್ಕೈನ ಎಎಫ್‌ಎಚ್‌ಡಿಎಸ್ 2ಎ ಎಂಬ ರೇಡಿಯೋ ಪದ್ಧತಿಯ ರಿಸೀವರ್‌ಗೂ ಬೈಂಡ್ (ಜೋಡಿ) ಆಗುವುದರಿಂದ ಈ ಹೋಲಿಕೆ ಸಾಧ್ಯವಾಯಿತು. ವಿಮಾನ ಫೋಮ್‌ಬೋರ್ಡಿನ, ಬಾಲವಿಲ್ಲದ ಫ್ಲೈಯಿಂಗ್ ವಿಂಗ್. ಜಾಗ ಗದಗದ ಕಡೆಯ ಎರಿ ಹೊಲ, ಫಸಲು ತೆಗೆದ ಮೇಲೆ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗತೊಡಗಿದರೆ ಟ್ರಿಮ್ (ಸ್ಟಿಕ್ ಬಿಟ್ಟರೂ ವಿಮಾನ ನೇರ ಹಾರುವಂತೆ ಮಾಡುವ ಸಣ್ಣ ತಿದ್ದುಪಡಿ) ನೋಡುವ ಕೆಲಸ ಬಂದ್. ಎಳೆಯುತ್ತಿರುವುದು ಗಾಳಿಯೋ ವಿಮಾನವೋ ತಿಳಿಯುವುದಿಲ್ಲ.

ಮಿಕ್ಸಿಂಗ್ (ಎರಡು ಸ್ಟಿಕ್ ಚಲನೆಯನ್ನು ಬೆರೆಸಿ ಕಳಿಸುವುದು) ಹಾಕುವುದರಲ್ಲಿ ಐ6 ಗೆದ್ದಿತು. ಮೆನುವಿನಲ್ಲಿ ಎಲಿವಾನ್ (ರೆಕ್ಕೆಯ ಹಿಂದಿನ ಎರಡು ಪಟ್ಟಿಗಳೇ ಎಲಿವೇಟರ್, ಏಲೆರಾನ್ ಎರಡರ ಕೆಲಸವನ್ನೂ ಮಾಡುವುದು) ಆನ್ ಮಾಡಿ, ಕ್ಯಾನ್ಸಲ್ ಗುಂಡಿಯನ್ನು ಒತ್ತಿ ಹಿಡಿದರೆ ಸೇವ್. ಸುಮ್ಮನೆ ಒಮ್ಮೆ ಒತ್ತಿದರೆ ಸೇವ್ ಆಗದೆ ಹೊರಬರುತ್ತದೆ, ಅಷ್ಟು ನೆನಪಿರಲಿ. ಆಮೇಲೆ ವಿಮಾನದ ಹಿಂದೆ ನಿಂತು ನೋಡಬೇಕು. ಎಲಿವೇಟರ್ (ಮೂತಿ ಏರಿಳಿಸುವ) ಸ್ಟಿಕ್ ಎಳೆದರೆ ಎರಡೂ ಪಟ್ಟಿ ಮೇಲೇಳಬೇಕು, ಏಲೆರಾನ್ (ಪಕ್ಕಕ್ಕೆ ವಾಲಿಸುವ) ಸ್ಟಿಕ್ ಬಲಕ್ಕೆ ಒತ್ತಿದರೆ ಬಲದ್ದು ಮೇಲೆ, ಎಡದ್ದು ಕೆಳಗೆ. ಎಲಿವೇಟರ್ ಸರಿಯಿದ್ದು ಏಲೆರಾನ್ ಮಾತ್ರ ಉಲ್ಟಾ ಇದ್ದರೆ ರಿಸೀವರ್‌ನಲ್ಲಿ ಎರಡು ಸರ್ವೋ (ಪಟ್ಟಿ ಅಲುಗಿಸುವ ಪುಟ್ಟ ಮೋಟರ್) ಪ್ಲಗ್ ಅದಲುಬದಲು ಮಾಡಿ, ಅದರಿಂದ ಎಲಿವೇಟರ್ ಉಲ್ಟಾ ಆದರೆ ರಿವರ್ಸ್ ಮೆನುವಿನಲ್ಲಿ ಎರಡೂ ಸರ್ವೋ ರಿವರ್ಸ್ ಮಾಡಿದರೆ ಮುಗಿಯಿತು. ಎಲಿವೇಟರ್ ಎಳೆದಾಗ ಪಟ್ಟಿಗಳು ಒಂದು ಮೇಲೆ, ಒಂದು ಕೆಳಗೆ ಹೋದರೆ ಒಂದೇ ಸರ್ವೋ ರಿವರ್ಸ್ ಮಾಡಿ, ಮತ್ತೆ ಮೊದಲಿನಿಂದ ನೋಡಿ.

ಬಾಕ್ಸರ್‌ ನಡೆಸುವ ಎಡ್ಜ್‌ಟಿಎಕ್ಸ್ ತಂತ್ರಾಂಶದಲ್ಲಿ ಇದೇ ಕೆಲಸಕ್ಕೆ ಒಂದೊಂದು ಚಾನಲ್‌ಗೂ (ಒಂದು ಸರ್ವೋಗೆ ಹೋಗುವ ಸಂಕೇತ) ಎರಡೆರಡು ಸಾಲು ನಾನೇ ಬರೆದೆ. ನಿಧಾನ ಹೌದು. ಆದರೆ ಇನ್‌ಪುಟ್, ಮಿಕ್ಸ್, ಔಟ್‌ಪುಟ್ ಎಂದು ಮೂರು ಪುಟ ಬೇರೆಬೇರೆ ಇರುವುದರಿಂದ ತಪ್ಪು ಯಾವ ಹಂತದಲ್ಲಿದೆ ಎಂದು ಬೇಗ ಸಿಗುತ್ತದೆ. ಎರಡೂ ಸಾಲಿಗೆ ಶೇ. 70 ಕೊಟ್ಟು ಸ್ಟಿಕ್ಕನ್ನು ಮೂಲೆಗೆ ಒತ್ತಿ ಚಾನಲ್ ಮಾನಿಟರ್ ನೋಡಿ: ಲೆಕ್ಕದಲ್ಲಿ 140, ತೆರೆಯ ಮೇಲಿನ ಗೆರೆ ನಿಲ್ಲುವುದು 100ಕ್ಕೆ. ಪೂರ್ತಿ ಎಳೆದಾಗ ರೋಲ್ (ಪಕ್ಕಕ್ಕೆ ವಾಲುವುದು) ಮಂದವಾಗುವುದು ಇದರಿಂದಲೇ. 50–50 ಇಟ್ಟರೆ ಈ ಕಾಟವಿಲ್ಲ.

ನನ್ನ ಜೊತೆ ಹಾರಿಸುವ ಹುಡುಗನ ದೂರು ಬೇರೆ: ‘ಅಣ್ಣಾ, ಟ್ರಿಮ್ ಕೊಟ್ಟಿದ್ದೆ, ಸ್ವಿಚ್ ಹಾಕಿದ ಕೂಡ್ಲೆ ಮತ್ತ ಬಲಕ್ಕ ಎಳೀತೈತ್ರಿ.’ ಎಡ್ಜ್‌ಟಿಎಕ್ಸ್‌ನಲ್ಲಿ ಒಂದೊಂದು ಫ್ಲೈಟ್ ಮೋಡ್‌ಗೆ (ಸ್ವಿಚ್ಚಿನಿಂದ ಬದಲಾಯಿಸುವ ಹೊಂದಾಣಿಕೆ) ಬೇರೆ ಟ್ರಿಮ್ ಇಡಬಹುದು, ಅವನ ಸ್ವಿಚ್ಚಿಗೆ ಎರಡನೇ ಮೋಡ್ ಕೂತಿತ್ತು. ಐ6 ಹಿಡಿದವನಿಗೆ ಈ ತಲೆನೋವೇ ಇಲ್ಲ. ಅದೇ ಬಾಕ್ಸರ್‌ನಲ್ಲಿ ಇನ್‌ಸ್ಟಂಟ್ ಟ್ರಿಮ್ ಎಂಬುದಿದೆ. ನೇರ ಹಾರುವಂತೆ ಸ್ಟಿಕ್ ಹಿಡಿದು ಸ್ವಿಚ್ ಒತ್ತಿದರೆ ಆ ಜಾಗವೇ ಟ್ರಿಮ್. ಮೊದಲ ಹಾರಾಟದಲ್ಲಿ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

ಸಬ್‌ಟ್ರಿಮ್ (ಸರ್ವೋದ ನಡು ಜಾಗವನ್ನೇ ಸರಿಸುವುದು) ಎರಡರಲ್ಲೂ ಇದೆ. ನನಗೆ ಎರಡರಲ್ಲೂ ಅದರ ಮೇಲೆ ಅಷ್ಟು ನಂಬಿಕೆಯಿಲ್ಲ. ಜಾಸ್ತಿ ಕೊಟ್ಟರೆ ಒಂದು ಕಡೆಯ ಚಲನೆ ಕಡಿಮೆಯಾಗುತ್ತದೆ. ಬಾಕ್ಸರ್ ಹಾರಾಟದ ಟ್ರಿಮ್ಮನ್ನು ಒಂದೇ ಆಯ್ಕೆಯಲ್ಲಿ ಸಬ್‌ಟ್ರಿಮ್‌ಗೆ ಸಾಗಿಸಿಬಿಡುತ್ತದೆ, ಸೋಮಾರಿಗೆ ಅದಕ್ಕಿಂತ ಇನ್ನೇನು ಬೇಕು! ಸರ್ವೋ ಹಾರ್ನ್ (ಸರ್ವೋದ ಪುಟ್ಟ ತೋಳು) 90 ಡಿಗ್ರಿಗೆ ಕೂರಿಸಿ, ಕಡ್ಡಿಯ ತುದಿಯ ಕ್ಲೆವಿಸ್ (ಕೊಂಡಿ) ಒಂದೆರಡು ಸುತ್ತು ತಿರುಗಿಸಿ ಪಟ್ಟಿ ಸಮ ಮಾಡುವುದೇ ಲೇಸು. ಥ್ರಾಟಲ್ ಏರಿಸಿದಾಗ ಮಾತ್ರ ಮೂತಿ ಎತ್ತುವ ವಿಮಾನಕ್ಕೆ ಮೊದಲು ಮೋಟರ್ ಕೋನ ನೋಡಬೇಕು, ಥ್ರಾಟಲ್–ಎಲಿವೇಟರ್ ಮಿಕ್ಸ್ ಆಮೇಲಿನ ಮಾತು.

ಹೊಸಬರು ಕೇಳಿದರೆ ಐ6 ಸಾಕು ಅನ್ನುತ್ತೇನೆ. ನಾಲ್ಕು ಪೆನ್‌ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ, ಸೆಲ್ಲು ಹಳ್ಳಿಯ ಅಂಗಡಿಯಲ್ಲೂ ಸಿಗುತ್ತವೆ. ಅದರಲ್ಲಿರುವುದು ಮೂರೇ ಸ್ವಂತ ಮಿಕ್ಸ್. ಫ್ಲ್ಯಾಪ್ ಇರುವ ಗ್ಲೈಡರ್ ಕಟ್ಟಲು ಕೂತಾಗ ಅವು ಸಾಲದೆ ಬಂದವು, ಅಂದಿನಿಂದ ನನ್ನ ಕೊರಳಲ್ಲಿ ಬಾಕ್ಸರ್.