ಓವನ್ ನಡುವೆಯೇ ಆಫ್ ಆಗುತ್ತಿದ್ದರೆ: ಸ್ಟೆಬಿಲೈಸರ್, ಥರ್ಮೋಸ್ಟಾಟ್, ಹೊಸ ಪಾಯಿಂಟ್

ನಮ್ಮನೆಯ ಓಟಿಜಿ (ಓವನ್-ಟೋಸ್ಟರ್-ಗ್ರಿಲ್) 2000 ವ್ಯಾಟಿನದು. ಖಾರಾ ಬಿಸ್ಕತ್ತು ಅರ್ಧ ಬೇಯುವ ಹೊತ್ತಿಗೆ ರಾಡು, ಒಳಗಿನ ಬಲ್ಬು ಎರಡೂ ಆರಿಹೋಗುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಮತ್ತೆ ಶುರು. ಕೇಳಿದವರು ಹೇಳಿದ ಮೂರು ಉಪಾಯಗಳನ್ನೂ ಮಾಡಿ ನೋಡಿದೆ.

ಮೊದಲು ಸ್ಟೆಬಿಲೈಸರ್. ಸಂಜೆ ವೋಲ್ಟೇಜ್ ಇಳಿಯುತ್ತದೆ, ಅದಕ್ಕೇ ಆಫ್ ಆಗುತ್ತದೆ ಅಂದರು. ಭಾವನ ಮನೆಯಿಂದ ಎಸಿಯ ಸ್ಟೆಬಿಲೈಸರ್ ತಂದು ಅದೇ ಪ್ಲಗ್ಗಿಗೆ ಹಾಕಿದರೆ ಓವನ್ ಇನ್ನೂ ಬೇಗ ಆಫ್ ಆಯಿತು! ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಬರೀ ನಾಬ್ ಇರುವ ಓವನ್ನಿಗೆ 190 ವೋಲ್ಟ್ ಬಂದರೆ ಅದು ಆಫ್ ಆಗುವುದಿಲ್ಲ, ಸುಮಾರು 1360 ವ್ಯಾಟಿನಲ್ಲಿ ನಿಧಾನವಾಗಿ ಕಾಯುತ್ತದೆ, ಎಳೆಯುವುದು 7 ಆಂಪ್ ಚಿಲ್ಲರೆ. ಸ್ಟೆಬಿಲೈಸರ್ ಅದನ್ನು 230ಕ್ಕೆ ಏರಿಸಿಕೊಟ್ಟಾಗ ಗೋಡೆಯ ಪ್ಲಗ್ಗಿನಿಂದ ಹತ್ತೂವರೆ ಆಂಪ್‌ಗೂ ಹೆಚ್ಚು ಎಳೆಯುತ್ತದೆ. ಕಾಯಿಲೆ ಪ್ಲಗ್ಗಿನಲ್ಲೇ ಇದ್ದರೆ ಇದು ಅದನ್ನು ಇನ್ನಷ್ಟು ಕೆರಳಿಸುತ್ತದೆ.

ಆಮೇಲೆ ಥರ್ಮೋಸ್ಟಾಟ್, ಅಂದರೆ ಹಾಕಿದ ಡಿಗ್ರಿಯಲ್ಲಿ ಶಾಖ ನಿಲ್ಲಿಸುವ ಸ್ವಿಚ್. ರಿಪೇರಿಯವರು ಹೊಸದು ಹಾಕಿದರು. ಶಾಖ ಮೊದಲಿಗಿಂತ ಸಮನಾಯಿತು, ಕೇಕಿನ ತಳ ಸೀಯುವುದು ನಿಂತಿತು. ಆ ಖರ್ಚು ದಂಡವಾಗಲಿಲ್ಲ. ಆದರೆ ನಡುವೆ ಆಫ್ ಆಗುವುದು ನಿಲ್ಲಲಿಲ್ಲ. ಥರ್ಮೋಸ್ಟಾಟ್ ಬಿಡುವಾಗ ಸಣ್ಣಗೆ ‘ಟಕ್’ ಅನ್ನುತ್ತದೆ, ನಮ್ಮ ಓವನ್ನಿನಲ್ಲಿ ಆಗ ರಾಡು ಮಾತ್ರ ಆರುತ್ತದೆ, ಬಲ್ಬು ಉರಿಯುತ್ತಲೇ ಇರುತ್ತದೆ. ಹಾಕಿದ ಡಿಗ್ರಿ ಮುಟ್ಟಿದ ಮೇಲೆ ಹಾಗಾಗುವುದು ಸಹಜ. ಬಲ್ಬೂ ಆರಿತೆಂದರೆ ಒಳಕ್ಕೆ ಕರೆಂಟೇ ಬರುತ್ತಿಲ್ಲ ಎಂದರ್ಥ. ಟೈಮರಿನ ಟಿಕ್ ಟಿಕ್ ನಂಬಬೇಡಿ, ತಿರುಗಿಸುವ ಟೈಮರ್ ಓಡುವುದು ಸ್ಪ್ರಿಂಗಿನಿಂದ, ಕರೆಂಟ್ ಹೋದರೂ ಅದರ ಪಾಡಿಗೆ ಅದು ಓಡುತ್ತಿರುತ್ತದೆ.

ಮೂರನೆಯದು 16 ಆಂಪ್ ಪಾಯಿಂಟ್. ಓವನ್ನಿನ ದಪ್ಪ ಪ್ಲಗ್ಗನ್ನು ಕನ್ವರ್ಟರ್ ಮೂಲಕ ಮಿಕ್ಸಿಯ 6 ಆಂಪ್ ಸಾಕೆಟ್ಟಿಗೆ ಹಾಕುತ್ತಿದ್ದೆವು. ಎಲೆಕ್ಟ್ರಿಷಿಯನ್ ಕನ್ವರ್ಟರ್ ಕಿತ್ತಾಗ ಒಂದು ಪಿನ್ನು ಬುಡದವರೆಗೆ ಕಂದಿತ್ತು. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಬಿಸಿಗೆ ಬಿಗಿ ಕಳೆದುಕೊಂಡಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿ ವಾಲಿತ್ತು. ಕಾದಾಗ ಕಾಂಟ್ಯಾಕ್ಟ್ ಬಿಟ್ಟುಕೊಳ್ಳುತ್ತಿತ್ತು, ಆರಿದಾಗ ಕೂಡಿಕೊಳ್ಳುತ್ತಿತ್ತು. ಮೇನ್ ಬೋರ್ಡಿನಿಂದ ಬೇರೆಯದೇ 4 ಚದರ ಮಿ.ಮೀ ತಾಮ್ರದ ವೈರ್ ಎಳೆಸಿ, ಅರ್ಥಿಂಗ್ ಕೊಡಿಸಿ, ಹೊಸ ಪಾಯಿಂಟ್ ಹಾಕಿಸಿದೆವು. ಅಂದಿನಿಂದ ಒಂದು ಸಲವೂ ನಡುವೆ ಆಫ್ ಆಗಿಲ್ಲ. ಮೂರರಲ್ಲಿ ನನ್ನ ಮತ ಇದಕ್ಕೇ. ಓವನ್ ಬಿಚ್ಚಿಸುವ ಮೊದಲು, ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಿನ್ನು ನೋಡಿ.

ಮನೆಯ ಆರ್‌ಸಿಸಿಬಿಯೇ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಕಥೆ ಬೇರೆ. ಮಳೆಗಾಲದಲ್ಲಿ ಬಹಳ ದಿನ ಬಳಸದಿದ್ದರೆ ರಾಡಿನೊಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ತೇವ ಹೀರಿ ಕರೆಂಟ್ ಓವನ್ನಿನ ಮೈಗೆ ಸೋರಬಹುದು. ರಾಡನ್ನು ಪರೀಕ್ಷೆ ಮಾಡಿಸಲೇಬೇಕು. ಇನ್ನು ಕೆಲವರು ಒಳಗಿನ ಥರ್ಮಲ್ ಕಟ್‌ಔಟ್ (ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಭಾಗ) ತೆಗೆದು ವೈರನ್ನು ನೇರ ಜೋಡಿಸಿಕೊಡುತ್ತೇವೆ ಅನ್ನುತ್ತಾರೆ. ಅದಕ್ಕೆ ಖಂಡಿತ ಒಪ್ಪಬೇಡಿ. ಥರ್ಮೋಸ್ಟಾಟ್ ಅಂಟಿಕೊಂಡ ದಿನ ಓವನ್ ಹೊತ್ತಿಕೊಳ್ಳದಂತೆ ತಡೆಯುವುದು ಅದೊಂದೇ.