ಕುಮಟೆಯ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕ ಟೈಟಸ್ ಸಾಲ್ಟ್

ಕುಮಟೆ ಪೇಟೆಯ ಈ ಹಳೆ ಪುಸ್ತಕದಂಗಡಿಗೆ ನಾನು ಹೋದದ್ದು ನಮ್ಮ ಬಂದರಿನ ಹತ್ತಿ ವ್ಯಾಪಾರದ ಕುರಿತು ಏನಾದರೂ ಸಿಕ್ಕೀತೆಂದು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಂದಲೇ ಹಡಗು ಸೇರುತ್ತಿತ್ತು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. ಅದರ ಬದಲಿಗೆ ಕೈಗೆ ಬಂದದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ಉಣ್ಣೆ ವ್ಯಾಪಾರಿ, ಗಿರಣಿ ಮಾಲಕ ಟೈಟಸ್ ಸಾಲ್ಟ್ (1803–1876) ಅವರ ಇಂಗ್ಲಿಷ್ ಜೀವನಚರಿತ್ರೆಯ ಹಳೆಯ ಪ್ರತಿ.

ನಾನು ಹಣ ತೆಗೆಯುವ ಮೊದಲೇ ಅಂಗಡಿಯವರು ಪುಟಗಳನ್ನು ಒಂದೊಂದಾಗಿ ಎಣಿಸಿ, "ನಡುವೆ ನಾಲ್ಕು ಹಾಳೆ ಇಲ್ಲ ಮಾರಾಯ್ರೇ, ತರಿಸಿಕೊಡ್ತೇನೆ, ಆಮೇಲೆ ಒಯ್ಯಿರಿ" ಎಂದರು. ಹದಿನೈದು ದಿನಗಳೊಳಗೆ ಧಾರವಾಡದ ಪರಿಚಿತರೊಬ್ಬರ ಪ್ರತಿಯಿಂದ ಜೆರಾಕ್ಸ್ ತರಿಸಿ, ಪುಸ್ತಕದ ಅಳತೆಗೆ ಕತ್ತರಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನಿಂದ ಕೂಡಿಸಿಕೊಟ್ಟರು. ಜೆರಾಕ್ಸಿನ ಖರ್ಚನ್ನಷ್ಟೇ ಪಡೆದರು.

ಆ ನಾಲ್ಕು ಹಾಳೆಗಳಿಲ್ಲದಿದ್ದರೆ ಈ ಪುಸ್ತಕವನ್ನು ಓದಿಯೂ ಪ್ರಯೋಜನವಿರಲಿಲ್ಲ. 1836ರಲ್ಲಿ ಲಿವರ್‌ಪೂಲಿನ ಗೋದಾಮಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಅಲ್ಪಾಕಾ (ದಕ್ಷಿಣ ಅಮೆರಿಕದ, ಒಂಟೆಯ ಜಾತಿಗೆ ಸೇರಿದ ಪ್ರಾಣಿ) ಉಣ್ಣೆಯ ಮೂಟೆಗಳನ್ನು ಕಂಡು, ಮಾದರಿಯನ್ನು ಒಯ್ದು ತಾವೇ ಪರೀಕ್ಷಿಸಿ, ಕೊನೆಗೆ ಮೂಟೆಗಳನ್ನೆಲ್ಲ ಕೊಂಡ ಸಾಲ್ಟ್ ಅವರ ವ್ಯಾಪಾರದ ಜಾಣ್ಮೆಯ ಕಥೆ ಮುಂಚಿನ ಪುಟಗಳಲ್ಲೇ ಮುಗಿಯುತ್ತದೆ. ಕಳೆದುಹೋಗಿದ್ದ ಹಾಳೆಗಳಲ್ಲಿದ್ದದ್ದು ಅವರು 1848ರಲ್ಲಿ ಬ್ರಾಡ್‌ಫರ್ಡಿನ ಮೇಯರ್ ಆದ ಸಂಗತಿ. ಮರುವರ್ಷ ಊರಿಗೆ ಕಾಲರಾ ಬಂತು. ಗಿರಣಿಗಳ ಹೊಗೆ ತಗ್ಗಿಸುವ ಒಲೆಯನ್ನು ತಮ್ಮ ಗಿರಣಿಗಳಲ್ಲಿ ಮೊದಲು ಅಳವಡಿಸಿ, ಉಳಿದ ಮಾಲಕರೂ ಹಾಗೆಯೇ ಮಾಡಬೇಕೆಂದು ಅವರು ಒತ್ತಾಯಿಸಿದರೂ ಆ ಮಾಲಕರು ಒಪ್ಪಲಿಲ್ಲ. ಊರನ್ನು ಸರಿಪಡಿಸಲಾಗದ ವ್ಯಾಪಾರಿ ಏರ್ ನದಿಯ ದಂಡೆಯಲ್ಲಿ ತಮ್ಮದೇ ಊರು ಕಟ್ಟಲು ಹೊರಟದ್ದು ಏಕೆಂಬುದು ನನಗೆ ಅರ್ಥವಾದದ್ದು ಇಲ್ಲಿಯೇ. ಅವರ ಐವತ್ತನೆಯ ಹುಟ್ಟುಹಬ್ಬವಾದ 1853ರ ಸೆಪ್ಟೆಂಬರ್ 20ರಂದು ಸಾಲ್ಟೇರ್ ಎಂಬ ಆ ಹೊಸ ಊರಿನ ಗಿರಣಿ ತೆರೆಯಿತು. ಮುಂದೆ ಅದರ ಸುತ್ತ 800ಕ್ಕೂ ಹೆಚ್ಚು ಮನೆ, ಶಾಲೆ, ಆಸ್ಪತ್ರೆ, ಸ್ನಾನಗೃಹಗಳು ಎದ್ದವು. ಸಾರಾಯಿ ಅಂಗಡಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಕೂಲಿ ಕೊಡುವವರೇ ಮನೆಯ ಒಡೆಯರೂ ಆದಾಗ ಕಾರ್ಮಿಕನಿಗೆ ಎದುರಾಡುವ ಧೈರ್ಯ ಎಷ್ಟಿದ್ದೀತೆಂಬ ಪ್ರಶ್ನೆಯನ್ನು ಲೇಖಕರು ಎತ್ತುವುದೇ ಇಲ್ಲ. ಇದು ಪುಸ್ತಕದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಬೆಳಕು ಕಡಿಮೆ, ಪುಸ್ತಕಗಳ ಪಟ್ಟಿಯೂ ಇಲ್ಲ. ಮಳೆಗಾಲದಲ್ಲಿ ಕೆಳಗಿನ ಸಾಲಿನ ಪುಸ್ತಕಗಳು ಥಂಡಿ ಹಿಡಿಯುತ್ತವೆ. ಅವನ್ನು ಮೇಲಿನ ಹಲಗೆಗೆ ಏರಿಸಬೇಕೆಂದು ಕೇಳಿಕೊಂಡಿದ್ದೇನೆ. ಕುಮಟಾ ಹತ್ತಿಯ ಬಗ್ಗೆ ಏನಾದರೂ ಬಂದರೆ ನನಗಾಗಿ ತೆಗೆದಿಡುವಂತೆ ಹೆಸರನ್ನೂ ಬರೆಸಿ ಬಂದಿದ್ದೇನೆ.