ಗುಂಡು ಬಲ್ಬು, ಸಿಎಫ್‌ಎಲ್, ಎಲ್‌ಇಡಿ: ಮೀಟರ್ ಮುಂದೆ ಕೂತು ನೋಡಿದ್ದು

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದು ಹಳೇ ಮನೆ. ಹೋದ ವರ್ಷದವರೆಗೂ ಒಂದೊಂದು ಕೋಣೆಗೆ ಒಂದೊಂದು ಕಾಲದ ದೀಪ. ಬಚ್ಚಲಲ್ಲಿ 60 ವ್ಯಾಟಿನ ಗುಂಡು ಬಲ್ಬು, ಅಡುಗೆಮನೆಯಲ್ಲಿ 15 ವ್ಯಾಟಿನ ಸಿಎಫ್‌ಎಲ್, ಹಾಲ್‌ನಲ್ಲಿ ಚೋಕ್ ಇರೋ ಟ್ಯೂಬ್‌ಲೈಟ್, ದೇವರ ಮನೆಯಲ್ಲಿ ಸರ್ಕಾರದ ಹೊಸ ಬೆಳಕು ಯೋಜನೆಯಲ್ಲಿ ಯಾವಾಗಲೋ ತಂದ 9 ವ್ಯಾಟಿನ ಎಲ್‌ಇಡಿ. ಎಲ್ಲಾ ಎಲ್‌ಇಡಿಗೆ ಬದಲಾಯಿಸೋಣ ಅಂದರೆ ಅಪ್ಪನದು ಒಂದೇ ಮಾತು: "ಗೃಹಜ್ಯೋತಿ ಇದೆಯಲ್ಲ, ಬಿಲ್ಲೇ ಸೊನ್ನೆ. ಸುಮ್ನೆ ಯಾಕೆ ದುಡ್ಡು ಸುರೀತೀಯ?"

ಲೆಕ್ಕ ಅಷ್ಟು ಸಲೀಸಲ್ಲ. ಗೃಹಜ್ಯೋತಿಯ ಉಚಿತ ಕರೆಂಟಿಗೆ 200 ಯೂನಿಟ್ ಅನ್ನೋದು ಮೇಲಿನ ಮಿತಿ ಅಷ್ಟೇ. ನಮಗೆ ಸಿಗೋದು 2022-23ರಲ್ಲಿ ತಿಂಗಳಿಗೆ ಬಳಸಿದ ಸರಾಸರಿ, ಅದರ ಮೇಲೆ ಶೇಕಡಾ 10. ನಮ್ಮ ಸರಾಸರಿ 62 ಇತ್ತು, ಹಾಗಾಗಿ 68 ಯೂನಿಟ್ ಉಚಿತ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ, ಕೂಲರ್ ಶುರುವಾಯಿತು ಅಂದರೆ 68 ದಾಟೇ ದಾಟುತ್ತೆ, ದಾಟಿದ್ದಕ್ಕೆಲ್ಲಾ ಬಿಲ್ ಬರುತ್ತೆ.

ಅಪ್ಪನಿಗೆ ಬಾಯಲ್ಲಿ ಹೇಳಿದರೆ ಆಗಲ್ಲ ಅಂತ ಒಂದು ಭಾನುವಾರ ಮನೆಯ ಎಲ್ಲಾ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ಗೂ ಕಿತ್ತು, ಇಬ್ಬರೂ ಮೀಟರ್ ಮುಂದೆ ಕುರ್ಚಿ ಹಾಕಿಕೊಂಡು ಕೂತೆವು. ನಮ್ಮ ಮೀಟರಿನ ಕೆಂಪು ದೀಪ ಒಂದು ಯೂನಿಟ್‌ಗೆ 3200 ಸಲ ಮಿಟುಕುತ್ತೆ, ಅದರ ಮೇಲೇ ಬರೆದಿರುತ್ತೆ. ಗುಂಡು ಬಲ್ಬು ಹಾಕಿದಾಗ 19 ಸೆಕೆಂಡಿಗೊಂದು ಮಿಟುಕು. ಟ್ಯೂಬ್‌ಲೈಟ್‌ಗೆ 22. ಅಪ್ಪ ಇಲ್ಲೇ ಬೆಚ್ಚಿದ್ದು: "36 ವ್ಯಾಟ್ ಅಲ್ವೇನೋ ಇದು?" ಟ್ಯೂಬು 36 ಸರಿ, ಆದರೆ ಆ ಹಳೇ ತಾಮ್ರದ ಚೋಕ್ ತಾನೂ ಹತ್ತು ಹದಿನೈದು ವ್ಯಾಟ್ ತಿಂದು ಬಿಸಿಯಾಗುತ್ತೆ. ಸಿಎಫ್‌ಎಲ್‌ಗೆ 75 ಸೆಕೆಂಡ್. ಕೊನೆಗೆ 9 ವ್ಯಾಟಿನ ಎಲ್‌ಇಡಿ. ಒಂದು ನಿಮಿಷ ಆಯಿತು, ಮಿಟುಕಲಿಲ್ಲ. ಒಂದೂವರೆ ಆಯಿತು. "ಮೀಟರ್ ಕೆಟ್ಟಿದೆ ಕಣೋ" ಅಂದರು ಅಪ್ಪ. ಎರಡು ನಿಮಿಷ ದಾಟಿದ ಮೇಲೆ ಒಂದು ಸಲ ಮಿಟುಕಿತು. ದಿನಕ್ಕೆ ಐದು ಗಂಟೆ ಉರಿಸಿದರೆ ಗುಂಡು ಬಲ್ಬಿಗೆ ತಿಂಗಳಿಗೆ 9 ಯೂನಿಟ್, ಇದಕ್ಕೆ ಒಂದೂಕಾಲು ಚಿಲ್ಲರೆ. ಬೆಳಕು ಕಮ್ಮಿಯೇನಿಲ್ಲ, ಒಂದು ಕೈ ಜಾಸ್ತಿನೇ.

ಸಿಎಫ್‌ಎಲ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಹಾಕಿದ ಮೇಲೆ ನಿಧಾನಕ್ಕೆ ಬೆಳಗುತ್ತೆ, ಒಳಗೆ ಪಾದರಸ ಬೇರೆ. ಒಡೆಯದ ಹಾಗೆ ತೆಗೆಯಿರಿ, ಕಸದ ಡಬ್ಬಿಗೆ ಮಾತ್ರ ಹಾಕಬೇಡಿ.

ಹಾಲ್‌ನಲ್ಲಿ ಮೊದಲು ಎರಡು 9 ವ್ಯಾಟಿನ ಬಲ್ಬು ಹಾಕಿ ನೋಡಿದೆ. ಬೆಳಕು ಸಾಕು, ಆದರೆ ಸೋಫಾ ಮೇಲೆ ಪೇಪರ್ ಓದೋಕೆ ಕೂತರೆ ನಮ್ಮ ತಲೆಯ ನೆರಳೇ ಪೇಪರ್ ಮೇಲೆ. ಅವನ್ನು ತೆಗೆದು ನಾಲ್ಕಡಿಯ 20 ವ್ಯಾಟಿನ ಬ್ಯಾಟನ್ (ಟ್ಯೂಬ್‌ಲೈಟ್ ಥರದ ಉದ್ದನೆಯ ಎಲ್‌ಇಡಿ ದೀಪ) ಹಾಕಿದೆ, ಬೆಳಕು ಮೂಲೆ ಮೂಲೆಗೂ ಹರಡಿತು. ದೊಡ್ಡ ಕೋಣೆಗೆ ಬ್ಯಾಟನ್ನೇ ಸರಿ.

ಇಷ್ಟರ ಮೇಲೆ ನಾನು ಮಾಡಿದ ತಪ್ಪು ಹೇಳಬೇಕು. ಉಳಿದ ಕಡೆಗೆಲ್ಲಾ ಅಂತ ಪೇಟೆಯಲ್ಲಿ ಹೆಸರಿಲ್ಲದ ಬಲ್ಬು ನಲವತ್ತು ರೂಪಾಯಿಗೊಂದರಂತೆ ಆರು ತಂದೆ. ಜೊತೆಗೆ ನೂರು ರೂಪಾಯಿಯ ಕಂಪನಿ ಬಲ್ಬು ಎರಡು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಆಟ ಆಡಿದ ಒಂದೇ ವಾರದಲ್ಲಿ ಆ ಆರರಲ್ಲಿ ಮೂರು ಢಮಾರ್. ಒಂದನ್ನು ಬಿಚ್ಚಿ ನೋಡಿದೆ. ಪ್ಲಾಸ್ಟಿಕ್ ಗುಮ್ಮಟ ತಿರುಗಿಸಿದರೆ ಬಂತು. ಒಳಗೆ ಬಿಲ್ಲೆಯಷ್ಟು ಅಲ್ಯೂಮಿನಿಯಂ ತಗಡು, ಅದರ ಮೇಲೆ ಹಳದಿ ಚುಕ್ಕಿಗಳು (ಬೆಳಗೋ ಎಲ್‌ಇಡಿ ಅಂದರೆ ಇವೇ), ಒಂದು ಚುಕ್ಕಿಯ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಕಲೆ. ಸುಟ್ಟಿದ್ದು ಅದೊಂದೇ. ಆದರೆ ಎಲ್ಲವನ್ನೂ ಹೂವಿನ ಹಾರದ ಹಾಗೆ ಒಂದೇ ಸಾಲಲ್ಲಿ ಪೋಣಿಸಿರೋದರಿಂದ ಒಂದು ಹೋದರೆ ಎಲ್ಲಾ ಹೋದಂಗೆ. ಕರೆಂಟನ್ನು ಹದ ಮಾಡಿ ಕೊಡೋ ಡ್ರೈವರ್ ಅಂತ ಬೇರೆ ಏನೂ ಇಲ್ಲ, ನಾಲ್ಕು ಬಿಡಿಭಾಗ ಅದೇ ತಗಡಿನ ಮೇಲೆ ಅಂಟಿಸಿದ್ದಾರೆ. ಕಂಪನಿ ಬಲ್ಬು ಕೈಯಲ್ಲಿ ಹಿಡಿದರೇ ತೂಕ ಗೊತ್ತಾಗುತ್ತೆ, ಅದರ ಡಬ್ಬದ ಮೇಲೆ 100ರಿಂದ 300 ವೋಲ್ಟ್ ಅಂತಲೂ 4 ಕೆವಿ ಸರ್ಜ್ (ಕ್ಷಣಕಾಲ ನುಗ್ಗೋ 4000 ವೋಲ್ಟನ್ನೂ ತಡೆಯುತ್ತೆ) ಅಂತಲೂ ಇತ್ತು. ಅಗ್ಗದ್ದರ ಮೇಲೆ ವ್ಯಾಟ್ ಬಿಟ್ಟು ಏನೂ ಇಲ್ಲ, ಸರ್ಕಾರದ ಗುಣಮಟ್ಟದ ಬಿಐಎಸ್ ಗುರುತೂ ಇಲ್ಲ. ಎಲ್‌ಇಡಿ ಯಾಕೋ ಬಾಳಿಕೆ ಬರಲ್ಲ ಅನ್ನೋರು ತಂದಿದ್ದು ಯಾವುದು ಅಂತ ಮೊದಲು ಕೇಳಬೇಕು.

ಬಣ್ಣದ ವಿಷಯಕ್ಕೆ ಅಮ್ಮನಿಗೂ ನನಗೂ ಜಗಳ. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬಲ್ಬು ಅಡುಗೆಮನೆಗೆ ಚೆನ್ನ, ಅಕ್ಕಿಯಲ್ಲಿ ಕಲ್ಲು ಆರಿಸೋಕೆ ಇದೇ ಬೇಕು. ಅದನ್ನೇ ದೇವರ ಮನೆಗೆ ಹಾಕಿದರೆ "ಆಸ್ಪತ್ರೆ ವಾರ್ಡ್ ಥರ ಇದೆ" ಅಂದಳು, ನಿಜವೇ. ಅಲ್ಲಿಗೆ 3000ದ ಹಳದಿ ಹಾಕಿದೆ. ಊಟದ ಜಾಗಕ್ಕೂ ಅದೇ. ಬಿಳಿ ಬೆಳಕಲ್ಲಿ ಬೆಣ್ಣೆದೋಸೆ ಜ್ವರ ಬಂದೋರ ಥರ ಕಾಣುತ್ತೆ, ಅದು ನಮ್ಮೂರಲ್ಲಿ ಸಲ್ಲದು.

ತೆಗೆದಿಟ್ಟ 60 ವ್ಯಾಟಿನ ಬಲ್ಬನ್ನು ಪಕ್ಕದ ಮನೆಯವರು ಕೇಳಿ ಇಸಕೊಂಡು ಹೋದರು, ಕೋಳಿಮರಿಗಳಿಗೆ ಬೆಚ್ಚಗಿರಲಿ ಅಂತ. ಅದಕ್ಕೂ ಮುಂಚೆ ಬುಟ್ಟಿಯ ಮೇಲೆ ಎಲ್‌ಇಡಿ ತೂಗು ಹಾಕಿದ್ದರಂತೆ, ಮರಿಗಳು ಅಷ್ಟು ಬೆಳಕಲ್ಲೂ ಮೂಲೆಯಲ್ಲಿ ಒಂದರ ಮೇಲೊಂದು ಮುದುಡಿ ಕೂತಿದ್ದವಂತೆ.